ಮೊಲದ ಕಿವಿ ತೊಳೆದ ಉಚ್ಚೀರಪ್ಪ

ಮಂದೆಯ ಕುರಿಗೆ ಹುಣ್ಣಾದರೆ ಅದನ್ನು ತೊಳೆಯದೆ ರೊಟ್ಟಿ ಮುಟ್ಟಬಾರದು. ಪೆದ್ದಕಡುಬೂರಿನ ಉಚ್ಚೀರಪ್ಪನ ಮನೆಯಲ್ಲಿ ತಾತನ ಕಾಲದಿಂದ ನಡೆದು ಬಂದ ಮಾತಿದು. ಕುರಿ ಬಿಟ್ಟು ಆದೋನಿಗೆ ಬಂದು, ಡಾಕ್ಟರ್ ಸೋಮಶೇಖರಪ್ಪನವರ ಹಿತ್ತಲಲ್ಲಿ ಮೊಲ ಸಾಕುವ ಕೆಲಸಕ್ಕೆ ನಿಂತ ಮೇಲೂ ಅವನು ಆ ಮಾತು ಮೀರಲಿಲ್ಲ.

ನಿಂತದ್ದೇ ತಮ್ಮನಿಗಾಗಿ. ಯರ್ರೆಪ್ಪ ಹತ್ತಿ ಗಿರಣಿಯಲ್ಲಿ ಇಂಜಿನ್ನಿಗೆ ಎಣ್ಣೆ ಬಿಡುವವನು. ಹನ್ನೆರಡು ವರ್ಷ ಎಣ್ಣೆಯಲ್ಲಿ ನೆನೆದ ಮುಂಗೈ ಮೊದಲು ಕೆಂಪಾಗಿ ತುರಿಸಿತು, ಆಮೇಲೆ ಅಲ್ಲೊಂದು ಗಂಟು ಎದ್ದಿತು. ಬೇರೆ ಕೆಲಸ ಕೊಡಿರೆಂದರೆ ಗಿರಣಿಯವರು, ಅದು ಎಣ್ಣೆಯ ತಪ್ಪಲ್ಲ, ಅವನ ರಕ್ತದ ದೋಷ ಎಂದರು. ಕೆಲಸ ಬಿಟ್ಟರೆ ಗಿರಣಿ ಕೊಟ್ಟ ಖೋಲಿಯೂ ಹೋಗುತ್ತಿತ್ತು.

ಡಾಕ್ಟರು ಆರು ಮೊಲ ತರಿಸಿ, ದಿನ ಬಿಟ್ಟು ದಿನ ಸಂಜೆ ಅವುಗಳ ಕಿವಿಗೆ ಅದೇ ಎಣ್ಣೆ ಹಚ್ಚತೊಡಗಿದರು.

"ಇವಕ್ಕೂ ಗಂಟು ಎದ್ರ ಮದ್ರಾಸಿನ ಸರಕಾರಕ್ಕ ಬರೀತೀನಿ. ಆಗ ನಿನ್ನ ತಮ್ಮಗ ಬ್ಯಾರೆ ಕೆಲಸ ಕೊಡಲೇಬೇಕಾಗ್ತೈತಿ. ಜಲ್ದಿ ಆ ಎಣ್ಣಿ ಕೆಲಸ ಬಿಟ್ರ ಉಳೀತಾನ," ಎಂದರು.

ವಾರದಲ್ಲೇ ಕಿವಿಗಳು ಕೆಂಪಾಗಿ ಒಡೆದವು. ಉಚ್ಚೀರಪ್ಪನಿಗೆ ರೊಟ್ಟಿ ಇಳಿಯಲಿಲ್ಲ. ಯರ್ರೆಪ್ಪನೂ ದಿನಾ ಕೈ ತೊಳೆಯುತ್ತಾನೆ, ಆದರೂ ಗಂಟು ಬರಲಿಲ್ಲವೇ, ಇವಕ್ಕೂ ಬಂದೇ ಬರುತ್ತದೆ ಎಂದುಕೊಂಡ. ಬೆಳಗಾದರೆ ಅಂಟುವಾಳದ ನೊರೆಯಲ್ಲಿ ಕಿವಿ ತೊಳೆದು ಬೇವಿನೆಣ್ಣೆ ಸವರುವುದು, ಆಮೇಲೆ ಊಟ. ಬುತ್ತಿ ತರುವ ಯರ್ರೆಪ್ಪನ ಹೆಂಡತಿ ಸುಂಕಮ್ಮ, "ಬಾಣಂತನ ಮುಗೀತೇನ್ರಿ ಬಾವ?" ಎಂದು ನಗುವಳು.

ಹದಿನೈದು ತಿಂಗಳಾದರೂ ಒಂದು ಕಿವಿಯಲ್ಲೂ ಗಂಟಿಲ್ಲ. ಎಣ್ಣೆಯಿಂದ ಕೇಡಿಲ್ಲವೆಂದು ಡಾಕ್ಟರು ಮದ್ರಾಸಿಗೆ ಬರೆದು ಹಾಕಿದರು. ಮರುದಿನ ಮೊಲಗಳನ್ನು ನೋಡುತ್ತ, "ಭಾಳ ಸ್ವಚ್ಛ ಇಟ್ಟೀಯಪಾ," ಎಂದರು.

"ದಿನಾ ಕಿವಿ ತೊಳೀತೀನಲ್ರಿ."

ಡಾಕ್ಟರು ಕನ್ನಡಕ ತೆಗೆದರು. "ಎಂದಿನಿಂದ?"

"ಹುಣ್ಣಾದ ದಿನದಿಂದ."

ಅವರು ಬೈಯಲಿಲ್ಲ. ಪಂಜರದ ಪಕ್ಕದಲ್ಲೇ ಕುಕ್ಕರಿಸಿ, "ಹಚ್ಚಿದ ಎಣ್ಣಿ ಎಲ್ಲಾ ತೊಳದ ಹೋದ್ರ ಗಂಟು ಹೆಂಗ ಏಳತೈತಪಾ?" ಎಂದರು. ಆಮೇಲೆ, ಮೊದಲು ಬರೆದದ್ದು ತಪ್ಪೆಂದು ಮದ್ರಾಸಿಗೆ ಇನ್ನೊಂದು ಕಾಗದ ಬರೆದರು, ಉತ್ತರ ಬರಲಿಲ್ಲ. ಗಿರಣಿಯವರು ಕೇಳಿದವರಿಗೆಲ್ಲ ಮೊದಲಿನ ಕಾಗದದ ಮಾತನ್ನೇ ಹೇಳುತ್ತ ಬಂದರು. ಯರ್ರೆಪ್ಪ ಕೈ ಎತ್ತಲಾಗದ ದಿನದವರೆಗೂ ಇಂಜಿನ್ನಿಗೆ ಎಣ್ಣೆ ಬಿಡುತ್ತಲೇ ಇದ್ದ.

ಹೊಸ ಮೊಲಗಳು ಬಂದವು. ಈ ಸಲ ಉಚ್ಚೀರಪ್ಪ ತೊಳೆಯಲಿಲ್ಲ, ಮುಖ ತಿರುಗಿಸಿಕೊಂಡು ಉಣ್ಣುತ್ತಿದ್ದ. ಹತ್ತನೆಯ ತಿಂಗಳಿಗೆ ಒಂದು ಕಿವಿಯಲ್ಲಿ ಗಂಟು ಎದ್ದಿತು. ಅಷ್ಟರಲ್ಲಿ ಯರ್ರೆಪ್ಪನಿಗೆ ಕಂಕುಳಲ್ಲೂ ಗಂಟು ಕಟ್ಟಿತ್ತು. ಇನ್ನು ಕೊಯ್ದು ಫಲವಿಲ್ಲವೆಂದು ಡಾಕ್ಟರು ಕೈಚೆಲ್ಲಿದ್ದರು.

ಉಚ್ಚೀರಪ್ಪ ಆ ಮೊಲವನ್ನು ಕಂಬಳಿಯಲ್ಲಿ ಸುತ್ತಿಕೊಂಡು ತಮ್ಮನ ಹಾಸಿಗೆಯ ಹತ್ತಿರ ಹೋದ.

"ಬಂತಪಾ ತಮ್ಮ. ಎಣ್ಣಿದೇ ತಪ್ಪು."

ಯರ್ರೆಪ್ಪ ಆ ಕಿವಿಯನ್ನು ನೋಡಿದ. "ಪಾಪ, ರಸಿ ಸೋರಾಕತ್ತೈತಿ. ತೊಳೀಬಾರದೇನಣ್ಣಾ?" ಎಂದ.

ಸುಂಕಮ್ಮ ರೊಟ್ಟಿ ತಂದಿಟ್ಟಳು. ಉಚ್ಚೀರಪ್ಪ ಮುಟ್ಟಲಿಲ್ಲ.