ಕೋಟೆಯಿಂದ ಬಿದ್ದವನ ತಮ್ಮ

ದರ್ಜಿ ಪಿಳ್ಳಪ್ಪನವರು ಆ ಹಳೆಯ ಸಿನಿಮಾವನ್ನು ದಿನಾ ನೋಡುತ್ತಿದ್ದರು, ಪೂರ್ತಿಯಾಗಿ ಮಾತ್ರ ಒಂದು ದಿನವೂ ನೋಡಲಿಲ್ಲ. ಹೊಲಿಗೆ ಮಿಷನ್ನಿನ ಮೇಲೆ ಮೊಬೈಲ್ ಒರಗಿಸಿ, ಶಬ್ದ ನಿಲ್ಲಿಸಿ, ಕೋಟೆಗೆ ಮುತ್ತಿಗೆ ಹಾಕುವ ದೃಶ್ಯವನ್ನಷ್ಟೇ ಹಾಕಿಕೊಳ್ಳುವರು. ಗೋಡೆಯ ಮೇಲಿಂದ ಈಟಿ ಹಿಡಿದ ಸಿಪಾಯಿಯೊಬ್ಬ ಉರುಳಿದ ಕೂಡಲೇ ನಿಲ್ಲಿಸಿ, ಕೆಳಗೆ ನೋಡುಗರು ಬರೆದ ಅಭಿಪ್ರಾಯಗಳನ್ನು ಬೆರಳಿಟ್ಟು ಓದಲು ಶುರು ಮಾಡುವರು. "ಇವತ್ತು ಮೂರು ಜನ ಬಂದವ್ರೆ ಮೇಡಂ" ಎಂದು ನನಗೆ ವರದಿ ಒಪ್ಪಿಸುವರು, ಮನೆಗೆ ನೆಂಟರು ಬಂದ ಹಾಗೆ.

ದೇವನಹಳ್ಳಿಯಲ್ಲಿ ಅವರ ಅಂಗಡಿಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಆ ಸಿನಿಮಾಕ್ಕೆ ಆಧಾರವಾದ ಐತಿಹಾಸಿಕ ಕಾದಂಬರಿಯನ್ನು ಅರೆದು ಕುಡಿದಿದ್ದೇನೆಂಬ ಜಂಬ ಬೇರೆ. ಪಿಳ್ಳಪ್ಪನವರು ಹೇಳಿದ ದಿನ ಬಟ್ಟೆ ಕೊಟ್ಟವರೇ ಅಲ್ಲ. ಕೇಳಿದರೆ, "ಬಟ್ಟೆ ಓಡೋಗಲ್ಲ, ನಾನೂ ಓಡೋಗಲ್ಲ" ಎಂದು ಸೂಜಿಗೆ ದಾರ ಪೋಣಿಸುವರು. ರೇಗುತ್ತಿತ್ತು, ಆದರೂ ಬೇರೆ ದರ್ಜಿಯ ಹತ್ತಿರ ಹೋಗಲು ಮನಸ್ಸು ಬರುತ್ತಿರಲಿಲ್ಲ.

ಅಭಿಪ್ರಾಯಗಳಂತೂ ತರಹೇವಾರಿ. ಟೆಂಟಿನಲ್ಲಿ ಮರಳ ಮೇಲೆ ಕೂತು ನೋಡಿದ್ದೆ ಎಂದು ಒಬ್ಬರು ಕಣ್ಣೀರಿಟ್ಟರೆ, ಕಾದಂಬರಿಯ ರಾಣಿ ಇಷ್ಟು ಅಳುಬುರುಕಿಯಲ್ಲ ಎಂದು ಇನ್ನೊಬ್ಬರ ಜಗಳ. ಬೀಳುವ ಸಿಪಾಯಿಗೆ ಪ್ರಶಸ್ತಿ ಕೊಡಬೇಕಿತ್ತು ಗುರು ಎಂದು ಹುಡುಗರ ಚಪ್ಪಾಳೆ. ಅದನ್ನು ಓದಿದಾಗ ಪಿಳ್ಳಪ್ಪನವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಳ್ಳುವರು.

ಒಂದು ದಿನ ಕಾಲೇಜಿನಿಂದ ಬರುತ್ತಿದ್ದಂತೆ ನನ್ನನ್ನು ಕರೆದು ಕೂರಿಸಿದರು. ಮುಖ ಕಪ್ಪಿಟ್ಟಿತ್ತು. 'ಸಹೃದಯಿ' ಎಂಬ ಹೆಸರಿನಲ್ಲಿ ಯಾರೋ ಬರೆದಿದ್ದನ್ನು ತೋರಿಸಿದರು: ಕಾದಂಬರಿಯಲ್ಲಿ ಇಲ್ಲದ ಈ ದೃಶ್ಯವನ್ನು ಶಿಳ್ಳೆಗಾಗಿ ತುರುಕಿದ್ದಾರೆ, ಬೀಳುವವನ ನಟನೆಯಂತೂ ನಗು ತರಿಸುತ್ತದೆ, ಯಾರೂ ಹಾಗೆ ಕೈ ಬಡಿದುಕೊಂಡು ಬೀಳುವುದಿಲ್ಲ. ಬರೆದವಳು ನಾನೇ. ಹಿಂದಿನ ರಾತ್ರಿ ಊಟ ಮುಗಿಸಿ, ಬಹಳ ಜಾಣತನದಿಂದ ಬರೆದಿದ್ದೆ.

ಅವರು ಮೊದಲಿನಿಂದ ಹೇಳಿದರು. ಆವತಿ ಬೆಟ್ಟದ ಮೇಲೆ ಸಿನಿಮಾದವರು ಹಲಗೆ, ಗೋಣಿತಟ್ಟು, ಗಾರೆಯಲ್ಲಿ ಕೋಟೆ ಕಟ್ಟಿಸಿದ್ದರಂತೆ. ಸಿಪಾಯಿ ವೇಷಕ್ಕೆ ಊರಿನ ಹುಡುಗರನ್ನೇ ಕರೆದರು. ಇವರ ಅಣ್ಣ ಮುನಿರಾಜು ಗೋಡೆಯ ಮೇಲೆ ಸುಮ್ಮನೆ ನಿಲ್ಲಬೇಕಿತ್ತು. ಕಾಲಡಿಯ ಹಲಗೆ ಜಾರಿತು. ಕ್ಯಾಮೆರಾ ಓಡುತ್ತಲೇ ಇತ್ತು. ಮೂರನೇ ದಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟ. ಆ ತುಂಡನ್ನು ಸಿನಿಮಾದಲ್ಲಿ ಉಳಿಸಿಕೊಂಡಿದ್ದಾರೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗ ಒಂದು ಗಳಿಗೆ ಕಂಡಾನೆಂದು ತಾಯಿ ಟೆಂಟಿಗೆ ಹೋದರು. ಅವನು ಬಿದ್ದಾಗ ಎದ್ದು ನಿಂತು, "ಹಿಡ್ಕಳ್ರೋ" ಎಂದು ಪರದೆಯ ಕಡೆ ಓಡಿದರಂತೆ. ಸುತ್ತಲಿನವರು ಶಿಳ್ಳೆ ಹೊಡೆಯುತ್ತಿದ್ದರು. ಸಿನಿಮಾದ ಹೆಸರುಗಳ ಪಟ್ಟಿಯಲ್ಲಿ ಕುದುರೆ ಒದಗಿಸಿದವರ ಹೆಸರಿದೆ, ಮುನಿರಾಜುವಿನದಿಲ್ಲ.

"ಈಯಪ್ಪ ಓದಿದೋರಂಗವ್ರೆ, ಹೇಳಿದ್ರೆ ತಿಳ್ಕಂತಾರೆ. ನಂಗೆ ಒತ್ತಕ್ಕೆ ಬರಲ್ಲ, ನೀವೇ ಬರ್ಕೊಡಿ ಮೇಡಂ" ಎಂದರು.

ಅವರ ಮೊಬೈಲಿನಲ್ಲಿ, ಅವರ ಹೆಸರಿನಲ್ಲಿ, ನನಗೆ ನಾನೇ ಉತ್ತರ ಬರೆದೆ. ಅವರು ಹೇಳಿದ ಒಂದಕ್ಷರವನ್ನೂ ತಿದ್ದಲಿಲ್ಲ: "ಸಾರ್, ಅವ್ನು ನಮ್ಮಣ್ಣ ಮುನಿರಾಜು, ಆವತಿಯೋನು. ಆಕ್ಟಿಂಗ್ ಮಾಡ್ಲಿಲ್ಲ. ಕೈ ಬಡ್ದಿದ್ದು ಹಿಡ್ಕಳಾಕೆ. ನಿಮ್ ಮ್ಯಾಲೆ ಸಿಟ್ಟಿಲ್ಲ, ಹೆಸ್ರು ಒಂದ್ಕಡೆ ಇರ್ಲಿ ಅಂತ ಬರೆಸ್ತಾ ಇವ್ನಿ."

ಆ ಸಹೃದಯಿ ನಾನೇ ಎಂದು ಅಂದೇ ಹೇಳಬೇಕಿತ್ತು. ಹೇಳಲಿಲ್ಲ, ಹೇಡಿತನ. ನಾಳೆ ಹೇಳಿದರಾಯಿತು ಎಂದು ಎರಡು ವರ್ಷ ದೂಡಿದೆ. ಅಷ್ಟರಲ್ಲಿ ಆ ಉತ್ತರದ ಕೆಳಗೆ ಜನ ಸೇರತೊಡಗಿದರು. ಕ್ಷಮೆ ಕೇಳಿದವರು, ಕೈಮುಗಿದವರು. ಅವತ್ತು ನಿಮ್ಮಣ್ಣನ ಪಕ್ಕದಲ್ಲೇ ನಿಂತಿದ್ದೆ, ತಣ್ಣೀರು ಕುಡಿಸಿದವನು ನಾನೇ ಎಂದು ಸಿಪಾಯಿ ವೇಷ ಹಾಕಿದ್ದ ಮುದುಕರೊಬ್ಬರು ಮೊಮ್ಮಗಳ ಕೈಯಲ್ಲಿ ಬರೆಸಿದ್ದರು. ಅದನ್ನು ಓದಿದ ದಿನ ಪಿಳ್ಳಪ್ಪನವರು ಅಂಗಡಿ ಮುಚ್ಚಿ ಆವತಿಗೆ ಹೋಗಿ ಬಂದರು. ಸಹೃದಯಿ ಮಾತ್ರ ಯಾಕೋ ಉತ್ತರ ಕೊಡಲಿಲ್ಲ ಎಂಬ ಕೊರಗು ಅವರಿಗೆ ಕೊನೆಯವರೆಗೂ ಇತ್ತು.

ಹೋದ ಮಾಘದಲ್ಲಿ ಮಿಷನ್ ಮುಂದೆ ಕೂತವರು ಹಾಗೇ ಒರಗಿ ಹೋದರು. ಮಣ್ಣು ಮಾಡಿ ಬಂದ ಮೇಲೆ ಒಂದೇ ಒಂದು ಯೋಚನೆ ನನ್ನನ್ನು ಕೊರೆಯತೊಡಗಿತು. ಆ ಹಾಳು ಮಾತು ಇನ್ನು ಅಲ್ಲಿರಬಾರದು. ನಾನು ಬರೆದದ್ದನ್ನು ಅಳಿಸಿದೆ. ಅಳಿಸಿದರೆ ಅದರಡಿಯ ಉತ್ತರಗಳೂ ಹೋಗುತ್ತವೆಂದು ನನಗೆ ತಿಳಿದಿರಲಿಲ್ಲ. ಪಿಳ್ಳಪ್ಪನವರ ನಾಲ್ಕು ಸಾಲು, ಆ ಮುದುಕರ ತಣ್ಣೀರು, ಮುನಿರಾಜುವಿನ ಹೆಸರು, ಎಲ್ಲವೂ ಹೋದವು. ಎಷ್ಟು ಹುಡುಕಿದರೂ ಸಿಗಲಿಲ್ಲ. ನಾನು ಮತ್ತೆ ಬರೆಯಬಹುದು, ಆದರೆ ಅದು ನನ್ನ ಬರಹವಾಗುತ್ತದೆ, ಅವರದಲ್ಲ.

ಹನ್ನೊಂದನೇ ದಿನ ಅವರ ಹೆಂಡತಿ ವೆಂಕಟಮ್ಮ ಮೊಬೈಲ್ ಹಿಡಿದು ಮಹಡಿ ಹತ್ತಿ ಬಂದರು. ಅವರಿಗೆ ಓದು ಬರದು.

"ನಮ್ಮನೇರು ಬರ್ಸಿದ್ರಲ್ಲ, ಅದ್ರಾಗೆ ನಮ್ ಭಾವನ್ ಹೆಸ್ರು ಎಲ್ಲೈತೆ, ತೋರ್ಸಮ್ಮ" ಎಂದರು.

ಸಿನಿಮಾ ಹಾಕಿ, ಅಭಿಪ್ರಾಯಗಳನ್ನು ಮೇಲಕ್ಕೂ ಕೆಳಕ್ಕೂ ಸರಿಸಿದೆ. ಸಂಗೀತ ಚೆನ್ನಾಗಿದೆ ಎಂದು ಯಾರೋ ಬರೆದಿದ್ದರು. ಅವರ ಬೆರಳು ಹಿಡಿದು ಅದರ ಮೇಲಿಟ್ಟೆ. ವೆಂಕಟಮ್ಮ ಆ ಬೆರಳನ್ನು ಕಣ್ಣಿಗೊತ್ತಿಕೊಂಡರು.