ನಾಲ್ಕು ಮಂಜೊಟ್ಟಿ

ಸುಮತಿಯಮ್ಮನಿಗೆ ಬರೆಯಲು ಬರುತ್ತಿದ್ದದ್ದು ತಮ್ಮ ಹೆಸರು ಮಾತ್ರ. ಮೂರು ಅಕ್ಷರ. ಎರಡನೆಯ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಎಲೆಯ ಮೊರ ಹಿಡಿದು ಕೂತವರು, ಕಟಪಾಡಿಯಲ್ಲಿ ಮೂವತ್ತೊಂದು ವರ್ಷ ಬೀಡಿ ಕಟ್ಟಿದರು. ಗಂಡ ತೀರಿಕೊಂಡ ಮೇಲೂ ಕಟ್ಟಿದರು. ಆ ಬೀಡಿಯಿಂದಲೇ ಮಗಳು ತೃಪ್ತಿ ಡಾಕ್ಟರಾದಳು. ಇಪ್ಪತ್ತೈದರ ಕಟ್ಟನ್ನು ಅಂಗೈಯಲ್ಲಿಟ್ಟು ಒಮ್ಮೆ ಒತ್ತಿದರೆ ಸಾಕು, ಅದರಲ್ಲಿ ಇಪ್ಪತ್ತನಾಲ್ಕೇ ಇದ್ದರೆ ಸುಮತಿಯಮ್ಮನಿಗೆ ಗೊತ್ತಾಗುತ್ತಿತ್ತು.

ಆ ಮೂರು ಅಕ್ಷರಗಳನ್ನು ಅವರು ಈಗ ದಿನಕ್ಕೊಮ್ಮೆ ಬರೆಯುತ್ತಿದ್ದರು. ಊರಿನಲ್ಲಲ್ಲ, ಮಗಳ ಮನೆಯಿರುವ ಮಲೇಷ್ಯಾದ ನಿಲಾಯ್‌ನಲ್ಲಿ, ಪೊಲೀಸ್ ಠಾಣೆಯ ಹಿಂದಿನ ಹಾಲ್‌ನಲ್ಲಿ, ಸಂಜೆ ಐದೂವರೆಗೆ. ಆ ಹಾಲ್‌ನಲ್ಲಿ ಠಾಣೆಯವರೇ ಸುತ್ತಲಿನ ಮಕ್ಕಳಿಗಾಗಿ ಒಂದು ಕ್ಲಬ್ ನಡೆಸುತ್ತಿದ್ದರು. ಶಾಲೆ ಬಿಟ್ಟ ಮೇಲೆ ಮೂರು ಗಂಟೆಗೆ ಮಕ್ಕಳು ಬಂದು ಹೋಂವರ್ಕ್ ಮಾಡುವುದು, ಬ್ಯಾಡ್ಮಿಂಟನ್ ಆಡುವುದು. ರಜೆ ಬಂದರೆ ಬೆಳಗ್ಗೆಯಿಂದಲೇ ಶಿಬಿರ. ಹೆಚ್ಚಿನ ಮಕ್ಕಳು ಇಷ್ಟಪಟ್ಟು ಬರುತ್ತಿದ್ದರು. ಸುಮತಿಯಮ್ಮನ ಮೊಮ್ಮಗಳು ಶರಣ್ಯಾ ಬಂದದ್ದು ಹಾಗಲ್ಲ.

ಹನ್ನೆರಡು ವರ್ಷದ ಶರಣ್ಯಾ ಜುಲೈ ತಿಂಗಳ ಮೊದಲ ವಾರದಲ್ಲಿ ಒಂದು ಅಂಗಡಿಯಿಂದ ಉಗುರು ಬಣ್ಣದ ಶೀಶೆಯನ್ನು ಕಿಸೆಗೆ ಹಾಕಿಕೊಂಡಿದ್ದಳು. ಬಾಗಿಲಲ್ಲೇ ಸಿಕ್ಕಿಬಿದ್ದಳು. ಅಂಗಡಿಯವನು ದೂರು ಬರೆದು ಕೊಟ್ಟ. ಕ್ಲಬ್ ನೋಡಿಕೊಳ್ಳುವ ಸಾರ್ಜೆಂಟ್ ನೊರ್ಲೈಲಾ ಅವನನ್ನು ಕೂರಿಸಿ ಮಾತಾಡಿಸಿ ಒಂದು ಒಪ್ಪಂದ ಮಾಡಿಸಿದರು. ಹುಡುಗಿ ಶನಿವಾರ, ಭಾನುವಾರ ಬಿಟ್ಟು ಅರುವತ್ತು ದಿನ, ಒಂದೂ ತಪ್ಪಿಸದೆ, ಕ್ಲಬ್ಬಿಗೆ ಬರಬೇಕು. ಅರುವತ್ತು ಚೌಕದ ಹಳದಿ ಕಾರ್ಡಿನಲ್ಲಿ ದಿನಕ್ಕೊಂದು ಹಸಿರು ಮುದ್ರೆ, ಪಕ್ಕದಲ್ಲಿ ಮನೆಯವರ ಸಹಿ. ಅರುವತ್ತು ತುಂಬಿದರೆ ದೂರಿನ ಕಾಗದ ವಾಪಸು. ಸುಳ್ಳು ಹೇಳಿದರೆ, ಇನ್ನೊಬ್ಬರದನ್ನು ಮುಟ್ಟಿದರೆ ಕೆಂಪು ಗುರುತು. ಒಂದು ಕೆಂಪು ಬಿದ್ದರೂ ದೂರು ಮುಂದಕ್ಕೆ ಹೋಗುತ್ತದೆ.

"ಎಲ್ರೂ ಮಾಡ್ತಾರೆ ಲಾ, ಅಜ್ಜಿ," ಎಂದಿದ್ದಳು ಶರಣ್ಯಾ ಆ ರಾತ್ರಿ, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸಿ, ಊಟದ ತಟ್ಟೆ ನೋಡುತ್ತ.

"ಎಲ್ರ ಅಜ್ಜಿ ನಾನಲ್ಲ," ಎಂದರು ಸುಮತಿಯಮ್ಮ. "ಅರುವತ್ತು ದಿನವಾ? ಆಯ್ತು. ನಾನು ಕರ್ಕೊಂಡು ಹೋಗ್ತೇನೆ."

ತೃಪ್ತಿಗೆ ಮೆಡಿಕಲ್ ಕಾಲೇಜಿನಲ್ಲಿ ಸಂಜೆಯವರೆಗೂ ಪಾಠ ಮಾಡುವ ಕೆಲಸ. ಅಳಿಯ ಕಾರ್ತಿಕ ಕ್ಲಾಂಗ್ ಬಂದರಿನ ಕೆಲಸದಿಂದ ಮನೆಗೆ ಬರುವುದು ವಾರಕ್ಕೊಮ್ಮೆ. ಹಾಗಾಗಿ ಅಜ್ಜಿಯೇ ದಿನಾ ಮೊಮ್ಮಗಳ ಜೊತೆ ನಡೆದರು. ಹಾಲ್‌ನ ಹೊರಗಿನ ಬೆಂಚಿನಲ್ಲಿ ಎರಡೂವರೆ ಗಂಟೆ ಕೂತರು. ಅಲ್ಲಿ ಮಕ್ಕಳಿಗೆ ಹೋಂವರ್ಕ್ ಹೇಳಿಕೊಡಲು ಬರುತ್ತಿದ್ದ ಭಟ್ಕಳದ ನಾಝಿಯಾಳ ಪರಿಚಯವಾಯಿತು. ನಾಝಿಯಾಳ ಗಂಡ ವಿಮಾನ ನಿಲ್ದಾಣದಲ್ಲಿ ಎಂಜಿನಿಯರ್. ಹದಿನಾಲ್ಕು ವರ್ಷದಿಂದ ಇಲ್ಲೇ ಇದ್ದ ಅವಳಿಗೆ ಮಲಯ ಭಾಷೆ ನೀರು ಕುಡಿದಷ್ಟು ಸಲೀಸು. ಅವಳ ಮಗ ಝೈದ್ ಶರಣ್ಯಾಳ ವಯಸ್ಸಿನವನೇ, ಅದೇ ಕ್ಲಬ್ಬಿನವನು.

ಬೆಂಚಿನ ಹಿಂದೆ ಒಂದು ದೊಡ್ಡ ಮರವಿತ್ತು. ಎರಡನೆಯ ದಿನವೇ ಸುಮತಿಯಮ್ಮ ಅದರ ಬುಡದಲ್ಲಿ ಕೆಂಪಗೆ ಹೊಳೆಯುವ ಬೀಜ ಕಂಡು ಬಗ್ಗಿದರು. ಇಲ್ಲಿಯವರು ಅದನ್ನು ಸಾಗಾ ಎನ್ನುತ್ತಾರಂತೆ. ಸುಮತಿಯಮ್ಮನಿಗೆ ಅದು ಮಂಜೊಟ್ಟಿ. ಚೆನ್ನೆಮಣೆ ಎಂಬ ಅಳಗುಳಿಮಣೆಯ ಕಾಯಿ.

ಅವರ ಊರಿನಲ್ಲಿ ಚೆನ್ನೆ ಆಡುವುದು ಆಟಿ ತಿಂಗಳಲ್ಲಿ ಮಾತ್ರ, ಹಗಲಿನಲ್ಲಿ ಮಾತ್ರ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಜಡಿಮಳೆ, ಕೆಲಸ ಕಡಿಮೆ. ಆಗ ಹೆಂಗಸರು ಮಣೆ ಇಳಿಸುತ್ತಿದ್ದರು. ಸಂಕ್ರಮಣ ಕಳೆಯಿತೋ, ಮಣೆ ಮತ್ತೆ ಅಟ್ಟಕ್ಕೆ. ಆಮೇಲೆ ಮುಟ್ಟಿದರೆ ಮನೆಯಲ್ಲಿ ಜಗಳ ಹುಟ್ಟುತ್ತದೆ ಎಂದು ಮದುವೆಯಾದ ವರ್ಷವೇ ಅತ್ತೆ ಹೇಳಿದ್ದರು. ನಲವತ್ತಾರು ವರ್ಷದಲ್ಲಿ ಸುಮತಿಯಮ್ಮ ಒಮ್ಮೆಯೂ ಮುಟ್ಟಿರಲಿಲ್ಲ.

ಕ್ಯಾಲೆಂಡರ್ ನೋಡಿ, ಆಟಿ ಹುಟ್ಟಿದ ದಿನ ಅವರು ಮೊಟ್ಟೆಯ ಟ್ರೇಗಳನ್ನು ಕತ್ತರಿಸಿ ಅಂಟಿಸಿ ಏಳು ಏಳರ ಎರಡು ಸಾಲು ಮಾಡಿದರು. ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ ಎಣಿಸಿ ಹಾಕಿದರು. ಮೊಬೈಲ್ ನೋಡುತ್ತಿದ್ದ ಶರಣ್ಯಾ ಮೊದಲ ದಿನ ಮೂಗು ಮುರಿದಳು. ಮೂರನೆಯ ದಿನ ಅವಳೇ ಟ್ರೇ ತಂದಿಟ್ಟಳು.

"ನೋಡು, ಗುಳಿಗೊಂದರ ಹಾಗೆ ಕಾಯಿ ಬಿತ್ತುತ್ತಾ ಹೋಗುವಾಗ ನಿನ್ನ ಸಾಲಿನ ಯಾವ ಗುಳಿಯಲ್ಲಾದ್ರೂ ನಾಲ್ಕು ತುಂಬಿದ್ರೆ ಅದು ನಿಂದು. ಕೂಡ್ಲೇ ಎತ್ಬೇಕು."

"ಈವನ್ ನಿಮ್ಮ ಟರ್ನ್‌ನಲ್ಲೂ?"

"ನಾನು ಹಾಕುವಾಗ್ಲೂ. ನೀನು ಎತ್ತದಿದ್ರೆ ನನ್ನ ಕಾಯಿ ಅದರ ಮೇಲೆ ಬೀಳ್ತದೆ, ನಿನ್ನ ನಾಲ್ಕು ಹೋಯ್ತು. ಕಣ್ಣು ಗುಳಿಯಲ್ಲಿರ್ಬೇಕು, ಮೊಬೈಲ್‌ನಲ್ಲಲ್ಲ."

ಒಂದು ತಿಂಗಳು, ಕ್ಲಬ್ಬಿನಿಂದ ಬಂದು ದೀಪ ಹಚ್ಚುವವರೆಗೆ, ಇಬ್ಬರೂ ಆಡಿದರು. ಸಂಕ್ರಮಣದ ದಿನ ಸುಮತಿಯಮ್ಮ ಕಾಯಿಯನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿದರು. ಶರಣ್ಯಾ ಎಷ್ಟು ಬೇಡಿಕೊಂಡರೂ ತೆಗೆಯಲಿಲ್ಲ.

ಸೆಪ್ಟೆಂಬರ್ ರಜೆಯ ಶಿಬಿರದಲ್ಲಿ ಚೊಂಗ್ಕಾಕ್ ಪಂದ್ಯ ಇಟ್ಟರು. ಅದು ಮಲಯ ಜನರ ಆಟ. ದೋಣಿಯಂಥ ಮರದ ಮಣೆ, ಅದೇ ಏಳು ಏಳು ಗುಳಿ, ಅದೇ ಕೆಂಪು ಕಾಯಿ. ಆದರೆ ಗುಳಿಗೆ ಏಳು ಕಾಯಿ, ಎರಡು ತುದಿಯಲ್ಲಿ ಒಬ್ಬೊಬ್ಬರಿಗೆ ಒಂದು ದೊಡ್ಡ ಮನೆ, ನಡೆಯುವ ದಿಕ್ಕೂ ಬೇರೆ. ನಾಲ್ಕಾದರೆ ಎತ್ತುವ ಕ್ರಮ ಅದರಲ್ಲಿ ಇಲ್ಲ. ಶರಣ್ಯಾ ಅದನ್ನು ಮೂರು ದಿನದಲ್ಲಿ ಕಲಿತಳು. ಪಂದ್ಯದ ದಿನ ಎದುರಿಗೆ ಕೂತವನು ಝೈದ್. ಕಾರ್ಡಿನಲ್ಲಿ ಅದು ನಲವತ್ತೊಂಬತ್ತನೆಯ ಚೌಕ.

ಆಟಿಯಲ್ಲದ ದಿನ ಆಟ ನೋಡುವುದೂ ಬೇಡ ಎಂದು ಸುಮತಿಯಮ್ಮ ಹೊರಗೆ ಬೆಂಚಿನಲ್ಲೇ ಉಳಿದಿದ್ದರು. ಒಳಗೆ ಮಕ್ಕಳ ಗದ್ದಲ ಒಮ್ಮೆ ಏರಿ, ಆಮೇಲೆ ಪೂರಾ ನಿಂತಿತು. ಅವರು ಎದ್ದು ಒಳಗೆ ಹೋದರು.

ಶರಣ್ಯಾಳನ್ನು ಪಕ್ಕದ ಕೋಣೆಗೆ ಕಳಿಸಿ ಬಾಗಿಲು ಹಾಕಿಯಾಗಿತ್ತು. ಸಾರ್ಜೆಂಟ್ ನೊರ್ಲೈಲಾ ಹಳದಿ ಕಾರ್ಡು ಮೇಜಿನ ಮೇಲಿಟ್ಟುಕೊಂಡು ನಿಂತಿದ್ದರು. ಕೈಯಲ್ಲಿ ಕೆಂಪು ಪೆನ್ನು.

"ಎಂತಾಯ್ತು?" ಎಂದು ಸುಮತಿಯಮ್ಮ ನಾಝಿಯಾಳನ್ನು ಕೇಳಿದರು.

ನಾಝಿಯಾ ತಲೆ ತಗ್ಗಿಸಿದಳು. "ಶರಣ್ಯಾ ಆಟದ ಮಧ್ಯೆ ಗುಳಿಯಿಂದ ಕಾಯಿ ತೆಗೆದ್ಳಂತೆ ಅಮ್ಮ. ನಮ್ಮ ಝೈದ್ ನೋಡಿದ್ದು. ತೆಗೆದ್ಯಾ ಅಂತ ಪುವಾನ್ ಕೇಳಿದ್ರು. ಹೌದು ಅಂದ್ಳು. ಯಾಕೆ ಅಂದ್ರೆ, ಅದು ನಂದೇ ಅಂದ್ಳು. ಮತ್ತೆ ಬಾಯಿಯೇ ಬಿಡ್ಲಿಲ್ಲ."

ಪುವಾನ್ ಎಂದರೆ ಮೇಡಂ. ಸುಮತಿಯಮ್ಮನಿಗೆ ಬರುತ್ತಿದ್ದ ಏಳೆಂಟು ಮಲಯ ಮಾತುಗಳಲ್ಲಿ ಅದೊಂದು. ಸಾರ್ಜೆಂಟ್ ಪೆನ್ನಿನ ಮುಚ್ಚಳ ತೆಗೆದಾಗ ಅವರು ಇನ್ನೊಂದನ್ನು ಹುಡುಕಿ ತೆಗೆದರು.

"ತುಂಗು, ಪುವಾನ್. ತುಂಗು." ತಾಳಿ ಎಂದು. ಹೇಳಿ, ಕಾರ್ಡಿನ ಮೇಲೆ ಅಂಗೈ ಇಟ್ಟರು.

ಸಾರ್ಜೆಂಟ್ ಆ ಕೈಯನ್ನು ಸರಿಸಲಿಲ್ಲ. ಏನೋ ಮೆಲ್ಲಗೆ ಹೇಳಿದರು.

"ಅವರಿಗೂ ಬೇಜಾರುಂಟಂತೆ," ಎಂದಳು ನಾಝಿಯಾ. "ಆದ್ರೆ ಎಲ್ಲ ಮಕ್ಕಳ ಎದುರಿಗೆ ಆದದ್ದಂತೆ. ಬಿಟ್ರೆ ನಾಳೆ ಈ ಕಾರ್ಡಿಗೆ ಬೆಲೆ ಇಲ್ಲ ಅಂತಾರೆ."

"ಸರಿಯೇ. ಝೈದ್‌ನ ಹತ್ರ ಕೇಳು, ಎಷ್ಟು ಕಾಯಿ ತೆಗೆದ್ಳು?"

"ಎಷ್ಟಾದ್ರೆ ಎಂತ ಅಮ್ಮ, ತೆಗೆದದ್ದು ತೆಗೆದದ್ದೇ ಅಲ್ವಾ?"

"ಎಷ್ಟು ಕೇಳು ಮಾರಾಯ್ತಿ."

ಝೈದ್ ಬೆರಳು ಮಡಚಿದ. "ಫೋರ್. ಆಮೇಲೆ ಅಗೇನ್ ಫೋರ್."

"ಯಾರ ಸಾಲಿಂದ?"

"ಅವಳದ್ದೇ ಸೈಡ್. ನಾನು ಹಾಕ್ತಾ ಇದ್ದೆ, ಅವಳು ಸುಮ್ನೆ ಎತ್ಕೊಂಡ್ಳು."

"ಆ ಗುಳಿಯಲ್ಲಿ ಎಷ್ಟು ಉಳೀತು?"

ಝೈದ್ ಕಣ್ಣು ಕಿರಿದು ಮಾಡಿ ಯೋಚಿಸಿದ. "ಏನೂ ಇಲ್ಲ. ನಾಲ್ಕೇ ಇತ್ತು. ಎರಡು ಸಲಾನೂ."

ಎಲೆ ಕೊಟ್ಟು ಕಟ್ಟಿದ ಬೀಡಿ ಕೊಳ್ಳುವ ಬ್ರಾಂಚಿನಲ್ಲಿ ಒಮ್ಮೆ ಸುಮತಿಯಮ್ಮನ ಮೇಲೂ ಎಲೆ ಕದ್ದ ಅಪವಾದ ಬಂದಿತ್ತು. ಅಂದು ಅವರು ಅಳದೆ, ಕೂಗದೆ, ಇಡೀ ವಾರದ ಎಲೆಯನ್ನು ಎಲ್ಲರೆದುರು ಮತ್ತೆ ತೂಗಿಸಿದ್ದರು. ಇವತ್ತು ತೂಗಿಸಬೇಕಾದದ್ದು ಏನೆಂದು ಅವರಿಗೆ ಈಗ ಗೊತ್ತಾಯಿತು. ಅದಕ್ಕೆ ಮಣೆ ಮುಟ್ಟಬೇಕು. ಆಟಿ ಮುಗಿದು ಒಂದು ತಿಂಗಳಾಗುತ್ತ ಬಂದಿತ್ತು.

"ಪುವಾನ್‌ಗೆ ಹೇಳು," ಎಂದರು. "ಮಗು ಆಚೆ ಕೋಣೆಯಲ್ಲೇ ಇರ್ಲಿ. ನಮ್ಮ ಊರಿನ ಒಂದು ಆಟವನ್ನು ನಾನು ಈ ಮಣೆಯಲ್ಲಿ ತೋರಿಸ್ತೇನೆ. ಮತ್ತೆ ಅವಳನ್ನು ಕರೀಲಿ. ನಾನು ಒಂದು ಮಾತೂ ಆಡುವುದಿಲ್ಲ, ಕಣ್ಸನ್ನೆ ಸಹ ಇಲ್ಲ. ಅವಳ ಆಟ ನನ್ನ ಆಟದ ಹಾಗೇ ಇರದಿದ್ರೆ ಕೆಂಪು ಹಾಕ್ಲಿ. ಪಕ್ಕದಲ್ಲಿ ನಾನೇ ಹೆಸರು ಬರೀತೇನೆ."

"ಇದು ಆಟಿ ಅಲ್ಲ, ಮುಟ್ಲಿಕ್ಕಿಲ್ಲ ಅಂತ ನೀವೇ ಹೇಳ್ತಿದ್ರಿ."

"ಮುಟ್ಲಿಕ್ಕಿಲ್ಲ. ಇವತ್ತು ಮುಟ್ತೇನೆ. ಬರುವುದು ನನ್ನ ತಲೆ ಮೇಲೆ ಬರ್ಲಿ. ನೀನು ಅಷ್ಟು ಹೇಳು."

ನಾಝಿಯಾ ಮಗನನ್ನೊಮ್ಮೆ ನೋಡಿದಳು. ಆಮೇಲೆ ಒಂದು ಮಾತೂ ಬಿಡದೆ ಹೇಳಿದಳು. ಸಾರ್ಜೆಂಟ್ ಪೆನ್ನಿಗೆ ಮುಚ್ಚಳ ಹಾಕಿ ಕುರ್ಚಿ ಎಳೆದುಕೊಂಡರು.

ಸುಮತಿಯಮ್ಮ ನೆಲದಲ್ಲಿ ಕೂತರು. ತೊಂಬತ್ತೆಂಟು ಕಾಯಿಯಲ್ಲಿ ಐವತ್ತಾರನ್ನು ಎಣಿಸಿಕೊಂಡು ಉಳಿದ ನಲವತ್ತೆರಡನ್ನು ಒಂದು ಲೋಟಕ್ಕೆ ಹಾಕಿ ಪಕ್ಕಕ್ಕಿಟ್ಟರು. ತುದಿಯ ಎರಡು ದೊಡ್ಡ ಮನೆಗಳ ಮೇಲೆ ಕಾಗದ ಮುಚ್ಚಿದರು. ಗುಳಿಗೆ ನಾಲ್ಕು ನಾಲ್ಕು ತುಂಬಿದರು.

"ಬಾ ಮಗ, ನೀನೇ ಎದುರಿಗೆ ಕೂತ್ಕೊ," ಎಂದರು ಝೈದ್‌ಗೆ.

ಇಬ್ಬರೂ ಬಿತ್ತುತ್ತ ಹೋದರು. ಝೈದ್‌ನ ಸಾಲಿನ ಒಂದು ಗುಳಿಯಲ್ಲಿ ನಾಲ್ಕು ಕಾಯಿ ಕೂಡಿತು. ಸುಮತಿಯಮ್ಮ ಕೈ ನಿಲ್ಲಿಸಿ ಅದನ್ನು ತೋರಿಸಿದರು. "ಎತ್ತು. ನಿಂದು."

ಝೈದ್ ಕೈ ಚಾಚಲಿಲ್ಲ. ತಾನು ಯಾವುದಕ್ಕೆ ಕೂಗಿದ್ದನೋ ಅದನ್ನೇ ಮಾಡು ಎನ್ನುತ್ತಿದ್ದಾರೆ.

"ಎತ್ತು, ಬೇಟಾ," ಎಂದಳು ನಾಝಿಯಾ.

ಅವನು ಎತ್ತಿದ. ಇನ್ನೆರಡು ಸುತ್ತಿನಲ್ಲಿ ತಾನೇ ಕಂಡುಹಿಡಿದು ಮತ್ತೆ ಎತ್ತಿದ. ಮೂರನೆಯ ಸಲ ಅಜ್ಜಿಗಿಂತ ಮೊದಲೇ ಎತ್ತಿ, "ಐ ಲೈಕ್ ದಿಸ್ ವನ್," ಎಂದ. ಸುಮತಿಯಮ್ಮ ಆಟ ನಿಲ್ಲಿಸಿ ಎಲ್ಲ ಕಾಯಿಯನ್ನೂ ಒಟ್ಟಿಗೆ ರಾಶಿ ಹಾಕಿದರು. ಕಾಗದ ತೆಗೆದರು. ಹೋಗಿ ಗೋಡೆಗೆ ಮುಖ ಮಾಡಿ ಕೂತರು.

ಶರಣ್ಯಾ ಬಂದಳು. ಮುಖ ತೊಳೆದ ಹಾಗೆ ಒದ್ದೆಯಾಗಿತ್ತು. ಸಾರ್ಜೆಂಟ್ ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: ನಿನ್ನ ಅಜ್ಜಿಯ ಆಟ ಆಡು.

ಹುಡುಗಿ ಮಣೆ ನೋಡಿದಳು, ಅಜ್ಜಿಯ ಬೆನ್ನು ನೋಡಿದಳು. ಕೂರಲಿಲ್ಲ.

"ಆದ್ರೆ ಅಜ್ಜಿ," ಎಂದಳು, ಕನ್ನಡದಲ್ಲೇ. "ಆಟಿ ಮುಗೀತಲ್ಲ. ಈಗ ಆಡ್ಬಾರ್ದಲ್ಲ?"

ಸುಮತಿಯಮ್ಮ ಉತ್ತರ ಕೊಡಲಿಲ್ಲ. ಕೊಡುವುದಿಲ್ಲ ಎಂದು ಮಾತು ಕೊಟ್ಟಾಗಿತ್ತು. ಗೋಡೆಯ ಸುಣ್ಣದಲ್ಲಿದ್ದ ಒಂದು ಬಿರುಕನ್ನೇ ನೋಡುತ್ತ ಕೂತರು.

ಹುಡುಗಿ ಏನೆಂದಳು ಎಂದು ಸಾರ್ಜೆಂಟ್ ಕೇಳಿದರು. ನಾಝಿಯಾ ಹೇಳಿದಳು. ಸಾರ್ಜೆಂಟ್, ಪರವಾಗಿಲ್ಲ, ಇವತ್ತು ಒಂದು ದಿನ ಆಡು ಎಂದರು.

ಶರಣ್ಯಾ ಕೂತಳು. ಐವತ್ತಾರು ಎಣಿಸಿದಳು. ಉಳಿದದ್ದನ್ನು ಲೋಟಕ್ಕೆ ಹಾಕಿದಳು. ತುದಿಯ ಮನೆಗಳನ್ನು ಮುಟ್ಟದೆ ಗುಳಿಗೆ ನಾಲ್ಕು ನಾಲ್ಕು ತುಂಬಿದಳು. ಅಜ್ಜಿ ನಡೆದ ದಿಕ್ಕಿನಲ್ಲೇ ಬಿತ್ತಿದಳು. ಝೈದ್ ಕಾಯಿ ಹಾಕುತ್ತಿದ್ದಾಗ ಅವಳ ಸಾಲಿನಲ್ಲಿ ನಾಲ್ಕು ಕೂಡಿತು. ಎಡಗೈ ತಾನಾಗಿ ಮುಂದೆ ಹೋಗಿ ಎತ್ತಿತು. ಎತ್ತಿದ ಮೇಲೆ ಗೊತ್ತಾಗಿ, ಕಾಯಿ ಮುಷ್ಟಿಯಲ್ಲಿರುವಂತೆಯೇ ಅವಳು ಸಾರ್ಜೆಂಟ್‌ರ ಕಡೆ ತಲೆ ಎತ್ತಿದಳು.

"ಓ," ಎಂದ ಝೈದ್. "ಹಾಗಾದ್ರೆ ನೀನು ರಾಂಗ್ ಗೇಮ್ ಆಡಿದ್ದು. ಹೇಳ್ಬಾರ್ದಾ ಲಾ?"

"ನಂಗೇ ಗೊತ್ತಾಗ್ಲಿಲ್ಲ," ಎಂದಳು ಶರಣ್ಯಾ. "ಕೈ ಹೋಯ್ತು."

ಸಾರ್ಜೆಂಟ್ ಕೆಂಪು ಪೆನ್ನನ್ನು ಡ್ರಾಯರಿಗೆ ಹಾಕಿ ಮುದ್ರೆ ಕೈಗೆತ್ತಿಕೊಂಡರು. ಸುಮತಿಯಮ್ಮ ಮತ್ತೆ, "ತುಂಗು," ಎಂದರು.

"ಇನ್ನೆಂತ ಅಮ್ಮ?" ಎಂದಳು ನಾಝಿಯಾ, ಈ ಸಲ ನಕ್ಕು.

"ಕದ್ದದ್ದಲ್ಲ, ಸರಿ. ತಪ್ಪು ತಪ್ಪೇ. ಇವರ ಮಣೆಗೆ ಇವರ ಕ್ರಮ. ಆ ಎಂಟು ಕಾಯಿ ವಾಪಸು ಇಟ್ಟು, ಆಟ ಮುಗಿಸಿ, ಮತ್ತೆ ಮುದ್ರೆ."

ಯಾವ ಯಾವ ಗುಳಿಯಲ್ಲಿ ಎಷ್ಟೆಷ್ಟಿತ್ತು ಎಂದು ಯಾರಿಗೂ ನೆನಪಿರಲಿಲ್ಲ. ಮೊದಲಿನಿಂದ ಶುರು ಮಾಡಿದರು, ಗುಳಿಗೆ ಏಳರಂತೆ. ಶರಣ್ಯಾ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಆಡಿದಳು. ಹನ್ನೆರಡು ಕಾಯಿಯಿಂದ ಸೋತಳು. ಹಸಿರು ಮುದ್ರೆ ಬಿತ್ತು. ಸುಮತಿಯಮ್ಮ ಪಕ್ಕದಲ್ಲಿ ಮೂರು ಅಕ್ಷರ ಬರೆದರು.

ಹೊರಡುವಾಗ ಸಾರ್ಜೆಂಟ್ ಬಾಗಿಲವರೆಗೆ ಬಂದರು. ಈ ಆಟವನ್ನು ನಾಳಿದ್ದಿನಿಂದ ಎಲ್ಲ ಮಕ್ಕಳಿಗೂ ಕಲಿಸುತ್ತೀರಾ ಎಂದು ನಾಝಿಯಾಳಿಂದ ಕೇಳಿಸಿದರು.

"ಇಲ್ಲ," ಎಂದರು ಸುಮತಿಯಮ್ಮ. "ಬರುವ ವರ್ಷ, ಜುಲೈ ಹದಿನೇಳು. ಅಷ್ಟರೊಳಗೆ ಊರಿಗೆ ಹೋಗಿ ಸರಿಯಾದ ಮಣೆ ತರ್ತೇನೆ. ಒಂದು ತಿಂಗಳು ಕಲಿಸ್ತೇನೆ. ಮತ್ತೆ ಕೇಳಿದ್ರೆ ಇಲ್ಲ."

ನಾಝಿಯಾ ಹೇಳಿದಳು. ಸಾರ್ಜೆಂಟ್ ಮೊಬೈಲ್ ತೆಗೆದು ಆ ತಾರೀಕನ್ನು ಬರೆದುಕೊಂಡರು.

ಇನ್ನು ಹನ್ನೊಂದು ಚೌಕ ಉಳಿದಿತ್ತು. ಹನ್ನೊಂದು ದಿನವೂ ಸುಮತಿಯಮ್ಮ ನಡೆದರು. ಒಂದು ದಿನ ಮೊಣಕಾಲು ಊದಿತ್ತು, ಆ ದಿನ ಹದಿನೈದು ನಿಮಿಷ ಮೊದಲೇ ಹೊರಟರು. ಅಕ್ಟೋಬರ್ ಒಂದರಂದು ಅರುವತ್ತನೆಯ ಮುದ್ರೆ ಬಿತ್ತು. ಸಾರ್ಜೆಂಟ್ ಅಂಗಡಿಯವನ ದೂರಿನ ಕಾಗದವನ್ನು ಶರಣ್ಯಾಳ ಕೈಗೆ ಕೊಟ್ಟರು. ಅವಳು ಅದನ್ನು ಎರಡಾಗಿ, ನಾಲ್ಕಾಗಿ ಹರಿದು ಕಸದ ಬುಟ್ಟಿಗೆ ಹಾಕಿದಳು.

"ನಾಳೆಯಿಂದ ಕ್ಲಬ್ಬಿಗೆ ಬರ್ಬೇಕು ಅಂತಿಲ್ಲ ಅಲ್ವಾ ಅಜ್ಜಿ?" ಎಂದಳು ದಾರಿಯಲ್ಲಿ.

"ಇಲ್ಲ."

ಹತ್ತು ಹೆಜ್ಜೆ ನಡೆದ ಮೇಲೆ ಶರಣ್ಯಾ ಮತ್ತೆ ಅಂದಳು: "ಝೈದ್ ಹನ್ನೆರಡು ಕಾಯಿ ಲೀಡ್‌ನಲ್ಲಿ ಇದ್ದಾನೆ."

"ಹಾಗಾದ್ರೆ ಮೂರು ಗಂಟೆಗೆ ರೆಡಿ ಇರು," ಎಂದರು ಸುಮತಿಯಮ್ಮ. "ನಾಳೆ ನಾನು ಬರುವುದಿಲ್ಲ. ನೀನೇ ಹೋಗಿ ಬಾ."