ಅಪ್ಪನನ್ನು ಕೊಲ್ಲುವ ವಿಧಾನ

ಹೊಲಿಗೆ ಮೇಡಂಗೆ ಕಂಪ್ಯೂಟರ್ ಕ್ಲಬ್ ಅಂಟಿಕೊಂಡದ್ದು ಕೋಣೆಯ ದೆಸೆಯಿಂದ. ಶಾಲೆಗೆ ಯಾರೋ ಆರು ಹಳೆಯ ಕಂಪ್ಯೂಟರ್ ಕೊಟ್ಟರು. ಸಾಲಾಗಿ ಪ್ಲಗ್ ಇದ್ದದ್ದು ಹೊಲಿಗೆ ಕೋಣೆಯಲ್ಲಿ ಮಾತ್ರ. "ಅದೂ ಮೆಷಿನ್ನೇ, ಇದೂ ಮೆಷಿನ್ನೇ. ನೀವೇ ನೋಡ್ಕೊಳ್ಳಿ" ಎಂದು ಹೆಡ್‌ಮಾಸ್ಟರು ಕೈತೊಳೆದುಕೊಂಡರು. ಆಗ ಆಕೆಗೆ ನಲವತ್ತೊಂಬತ್ತು. ಮೂರು ತಿಂಗಳು ಪುಸ್ತಕ ಹಿಡಿದು ತಾವೇ ಕಲಿತರು. ಆಮೇಲೆ ಹುಡುಗಿಯರನ್ನು ಕರೆತರಲು ಮನೆ ಮನೆ ಮೆಟ್ಟಿಲು ಹತ್ತಿದರು.

"ಹುಡುಗೀರಿಗೆ ಕೋಡ್ ಕಲಿಸಿದ್ರೆ ಕೋಡು ಮೂಡತ್ತೆ" ಎಂದು ಒಬ್ಬ ತಾತ ಬಾಗಿಲು ಹಾಕಿಕೊಂಡ.

"ಮೂಡಲಿ ಬಿಡಿ, ಹಾಯೋಕೆ ಬರೋರನ್ನ ಹಾಯೋಕೆ ಬೇಕಾಗತ್ತೆ" ಎಂದು ಮುಚ್ಚಿದ ಬಾಗಿಲಿಗೇ ಹೇಳಿ ಬಂದರು.

ಹನ್ನೊಂದು ಹುಡುಗಿಯರು ಸೇರಿದರು. ಇಂಗ್ಲಿಷ್ ಕಂಡರೆ ಬೆದರುವ ಮಕ್ಕಳಿಗಾಗಿ ಮೇಡಂ ಪ್ರತಿ ಪದವನ್ನೂ ಮನೆಮಾತಿಗೆ ತಂದರು. ಒಂದು ಪ್ರೋಗ್ರಾಂ ಬೇರೆ ಪ್ರೋಗ್ರಾಂಗಳನ್ನು ಹುಟ್ಟಿಸಿದರೆ ಹುಟ್ಟಿಸಿದ್ದು ಅಪ್ಪ, ಹುಟ್ಟಿದವು ಮಕ್ಕಳು. ಜಾಮ್ ಆದದ್ದನ್ನು ನಿಲ್ಲಿಸುವುದು ಅಂದರೆ ಕೊಲ್ಲುವುದು; ಮೊಂಡು ಹಿಡಿದದ್ದಕ್ಕೆ ಒಂಬತ್ತನೇ ನಂಬರಿನ ಆಜ್ಞೆ. ಪಾಠ ಸಲೀಸಾಗಿ ತಲೆಗೆ ಹೋಯಿತು. ಅಪಾಯ ಇದ್ದದ್ದೂ ಅಲ್ಲೇ.

ಎಲ್ಲರಿಗಿಂತ ಚುರುಕಾದವಳು ವೆಲ್ಡರನ ಮಗಳು. ಹದಿನಾಲ್ಕು ವರ್ಷ, ಅಡ್ಡಹೆಸರು ಪಿನ್ನು. ವರ್ಕ್‌ಶಾಪ್ ಮುಚ್ಚಿ ವೆಲ್ಡರ್ ನಾಲ್ಕು ತಿಂಗಳಿಂದ ಮನೆಯಲ್ಲೇ ಬಿದ್ದುಕೊಂಡಿದ್ದ. ಒಂದು ಶನಿವಾರ ಬೇಜಾರಿಗೆ ಮಗಳ ನೋಟ್‌ಬುಕ್ ತೆರೆದ. ದುಂಡಗಿನ ಅಕ್ಷರ: "ಅಪ್ಪನನ್ನು ಕೊಲ್ಲುವ ವಿಧಾನ. ಅಪ್ಪ ಕೆಲಸ ಮಾಡದೆ ಸುಮ್ಮನೆ ಜಾಗ ತಿನ್ನುತ್ತಿದ್ದರೆ ಮೊದಲು ಮೆತ್ತಗೆ ಹೇಳಿ ನೋಡಬೇಕು. ಕೇಳದಿದ್ದರೆ ಒಂಬತ್ತನೇ ನಂಬರು ಹಾಕಿ ಕೊಲ್ಲಬೇಕು. ಮಕ್ಕಳು ಅನಾಥವಾದರೂ ಚಿಂತೆಯಿಲ್ಲ, ಬೇರೆಯವರು ಸಾಕಿಕೊಳ್ಳುತ್ತಾರೆ."

ಮೆತ್ತಗೆ ಹೇಳಿ ನೋಡುವ ವ್ಯವಧಾನ ಅವನಿಗಿರಲಿಲ್ಲ. ಮೊದಲ ಏಟಿಗೆ ಪಿನ್ನುವಿನ ತುಟಿ ಸೀಳಿತು.

"ಅದು ನೀನಲ್ಲಪ್ಪಾ! ಕಂಪ್ಯೂಟರ್ ಅಪ್ಪ!"

"ಓಹೋ, ಈಗ ಕಂಪ್ಯೂಟರ್ ಅಪ್ಪ ಬೇರೆ ಇದಾನಾ?"

ಎರಡನೇ ಏಟಿಗೆ ಹಲ್ಲು ಹೋಯಿತು. ಅಡ್ಡ ಬಂದ ಹೆಂಡತಿಯ ತಲೆ ಗೋಡೆಗೆ ಬಡಿಯಿತು. ಸುತ್ತಿಗೆ ತೆಗೆದುಕೊಂಡು, ಮಗಳನ್ನು ಜಡೆ ಹಿಡಿದು ಶಾಲೆಗೆ ಎಳೆದೊಯ್ದ.

ಹೊಲಿಗೆ ಕೋಣೆಯಲ್ಲಿ ಕ್ಲಬ್ ಆಗಷ್ಟೇ ಶುರುವಾಗಿತ್ತು. ಅವನು ಬಂದವನೇ ಬಾರಿಸಿದ. ಒಂದು, ಎರಡು, ಮೂರು, ನಾಲ್ಕು ಕಂಪ್ಯೂಟರ್ ಪುಡಿಯಾದವು. ಗಾಜು ಸಿಡಿದು ಒಬ್ಬ ಹುಡುಗಿಯ ಹಣೆಯಿಂದ ರಕ್ತ ಇಳಿಯಿತು. ಕಿಟಕಿಯಿಂದ ಮಕ್ಕಳು ಹಾರಿದರು. ಐದನೆಯದು ಪಿನ್ನುವಿನದು, ವರ್ಷದ ಕೆಲಸವೆಲ್ಲ ಅದರಲ್ಲಿತ್ತು. ಮೇಡಂ ಬಲಗೈ ಅಡ್ಡ ಇಟ್ಟರು. ಸುತ್ತಿಗೆ ಕೈಯ ಮೇಲೇ ಬಿತ್ತು. ಲಟಕ್ ಎಂದದ್ದು ಮೆಷಿನ್ ಅಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಅವನು ಮರಗಟ್ಟಿ ನಿಂತ.

"ಪಿನ್ನೂ, ಕೂತ್ಕೋ" ಎಂದರು ಮೇಡಂ, ಬಿಳುಚಿದ ಮುಖದಲ್ಲಿ. "ನಿಮ್ಮಪ್ಪಂಗೆ ತೋರ್ಸು. ಅಪ್ಪನ್ನ ಕೊಲ್ಲು."

ಕೀಲಿಗಳ ಮೇಲೆ ತುಟಿಯ ರಕ್ತ ತೊಟ್ಟಿಕ್ಕುತ್ತಿದ್ದಂತೆ ಅವಳು ಒತ್ತಿದಳು. ಪರದೆಯ ಮೇಲೆ ಓಡುತ್ತಿದ್ದ ಗಡಿಯಾರವೊಂದು ಮಾಯವಾಯಿತು.

"ಇಷ್ಟೇನಾ?" ಎಂದ ವೆಲ್ಡರ್.

"ನಮ್ಮದು ಇಷ್ಟೇ. ನಿಮ್ಮದು ಸ್ವಲ್ಪ ಜಾಸ್ತಿ ಆಯ್ತು."

ಮೇಡಂ ಬಲಗೈಯ ಎರಡು ಬೆರಳು ತೆಗೆಯಬೇಕಾಯಿತು. ಆಸ್ಪತ್ರೆಗೆ ಬಂದ ಹೆಡ್‌ಮಾಸ್ಟರು, "ತಪ್ಪು ನಿಮ್ಮ ಪದದ್ದೇ ಅಲ್ವಾ ಮೇಡಂ? ರಾಜಿ ಆಗ್ಬಿಡಿ" ಎಂದರು.

"ಪದ ನಂದು, ತಿದ್ಕೋತೀನಿ. ಸುತ್ತಿಗೆ ಅವರದು. ಆ ಮಗು ಬಾಯಿ ನೋಡಿದ್ರಾ ಸಾರ್?" ಎಂದು ಎಡಗೈಯಲ್ಲಿ ಸೊಟ್ಟ ಸಹಿ ಮಾಡಿ ದೂರು ಕೊಟ್ಟರು. ವೆಲ್ಡರ್ ಜೈಲಿಗೆ ಹೋದ.

ಈಗ ಪಿನ್ನುವಿನ ಚಿಕ್ಕಪ್ಪಂದಿರು ಎದ್ದರು: ಅಪ್ಪನನ್ನು ಒಳಗೆ ಹಾಕಿಸಿದ ಕ್ಲಬ್ಬಿಗೆ ಹುಡುಗಿ ಮತ್ತೆ ಕಾಲಿಟ್ಟರೆ ಕಾಲು ಮುರಿಯುತ್ತೇವೆ. ಮೂರು ವಾರ ಅವಳ ಕುರ್ಚಿ ಖಾಲಿ ಇತ್ತು. ಮೇಡಂ ಅದರಲ್ಲಿ ಬೇರೆ ಯಾರನ್ನೂ ಕೂರಿಸಲಿಲ್ಲ.

ನಾಲ್ಕನೇ ವಾರ ಪಿನ್ನು ಬಂದಳು, ಹಿಂದೆ ತಾಯಿ. ತಾಯಿಯ ಹಣೆಯ ಮೇಲೆ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. ಹೆಗಲ ಚೀಲದಿಂದ ಗಂಡನ ದೊಡ್ಡ ಸ್ಪ್ಯಾನರ್ ಇಣುಕುತ್ತಿತ್ತು. ಆಕೆ ಸ್ಟೂಲನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡು ಕೂತಳು.

"ಶುರು ಮಾಡಿ ಮೇಡಂ" ಎಂದಳು. "ಕಾಲು ಮುರಿಯೋರು ಮೊದಲು ನನ್ನ ದಾಟಲಿ."